ಅಂಟಿತೋ ಇಲ್ಲವೋ, ಫ್ಲೋರಿನ್ ಹೇಳುತ್ತದೆ

ಫ್ಲೋರಿನ್ ಎಂದೊಡನೆ ನಮ್ಮ ಬಯಲುಸೀಮೆಯವರಿಗೆ ನೆನಪಾಗುವುದು ಬೋರ್‌ವೆಲ್ ನೀರು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಜನರ ಹಲ್ಲು ಕಂದುಗಟ್ಟಿಸಿದ್ದು, ಕೀಲುಗಳನ್ನು ಸೆಟೆಸಿದ್ದು ಈ ಧಾತುವಿನ ಲವಣವೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ. ನಾಣ್ಯ ಹಾಕಿದರೆ ಕ್ಯಾನ್ ತುಂಬಿಸಿ ಕೊಡುವ ಶುದ್ಧ ನೀರಿನ ಘಟಕಗಳು ಆ ಊರುಗಳಿಗೆ ಬಂದದ್ದರ ಹಿಂದೆ ಈ ಗೆರೆಯೂ ಇದೆ.

ಅದೇ ಫ್ಲೋರಿನ್ ಮಾತ್ರೆಗಳಲ್ಲೂ ಇದೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೊಟಿಕ್ಕಿನ ಅಣುವಿನಲ್ಲಿ ಒಂದು ಫ್ಲೋರಿನ್ ಪರಮಾಣು, ಕೊಲೆಸ್ಟರಾಲ್ ಇಳಿಸುವ ಅಟೊರ್ವಸ್ಟಾಟಿನ್‌ನಲ್ಲಿ ಒಂದು, ಫಂಗಸ್ ಸೋಂಕಿಗೆ ಕೊಡುವ ಫ್ಲುಕೊನಜೋಲ್‌ನಲ್ಲಿ ಎರಡು, ಸಕ್ಕರೆ ಕಾಯಿಲೆಯವರು ನುಂಗುವ ಸಿಟಾಗ್ಲಿಪ್ಟಿನ್‌ನಲ್ಲಿ ಆರು. ಇಲ್ಲಿ ಅದು ಇಂಗಾಲದ ಜೊತೆ ಬೆಸೆದುಕೊಂಡಿರುವುದರಿಂದ ನೀರಿನಲ್ಲಿ ಬಿಡಿಯಾಗಿ ಅಲೆಯುವ ಫ್ಲೋರೈಡಿನ ಗುಣ ಅದಕ್ಕಿಲ್ಲ. ಸಾವಯವ ರಸಾಯನಶಾಸ್ತ್ರದ ಒಂಟಿ ಬಂಧಗಳಲ್ಲಿ ಇಂಗಾಲ-ಫ್ಲೋರಿನ್ ಬಂಧವೇ ಅತ್ಯಂತ ಗಟ್ಟಿ. ಯಕೃತ್ತಿನ ಕಿಣ್ವಗಳು ಔಷಧವನ್ನು ಬೇಗನೆ ಒಡೆದು ಹಾಕದಿರಲೆಂದು ರಸಾಯನತಜ್ಞರು ಅದನ್ನು ಬೇಕೆಂದೇ ಸೇರಿಸುತ್ತಾರೆ.

ಇವೆರಡರಷ್ಟು ಸುದ್ದಿಯಾಗದ ಮೂರನೆಯ ಕೆಲಸವೊಂದು ಫ್ಲೋರಿನ್‌ಗಿದೆ. ಔಷಧವಿನ್ನೂ ಔಷಧವಾಗಿರದ ಹಂತದಲ್ಲಿ, ಯಾವ ಅಣು ಯಾವ ಪ್ರೊಟೀನಿಗೆ ಅಂಟುತ್ತದೆ, ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂದು ಸಾಕ್ಷಿ ಹೇಳುವ ಕೆಲಸ. ಆ ಕೆಲಸಕ್ಕೆ ಅದಕ್ಕಿರುವ ಮೊದಲ ಅರ್ಹತೆ ಏನು ಗೊತ್ತೇ? ನಮ್ಮ ಪ್ರೊಟೀನುಗಳಲ್ಲಿ ಅದು ಎಲ್ಲೂ ಇಲ್ಲ.

ಪ್ರೊಟೀನುಗಳನ್ನು ಕಟ್ಟಿರುವುದು ಇಂಗಾಲ, ಹೈಡ್ರೋಜನ್, ಸಾರಜನಕ, ಆಮ್ಲಜನಕ ಮತ್ತು ಸ್ವಲ್ಪ ಗಂಧಕದಿಂದ. ಹಲ್ಲು ಮೂಳೆಗಳ ಖನಿಜದಲ್ಲಿ ಒಂದಿಷ್ಟು ಫ್ಲೋರೈಡ್ ಸೇರಿಕೊಂಡಿರುತ್ತದೆ, ಅಷ್ಟೆ. ಇಡೀ ಜೀವಲೋಕದಲ್ಲೇ ಇಂಗಾಲಕ್ಕೆ ಫ್ಲೋರಿನ್ ಜೋಡಿಸಬಲ್ಲ ಜೀವಿಗಳು ಬೆರಳೆಣಿಕೆಯಷ್ಟು. ದಕ್ಷಿಣ ಆಫ್ರಿಕಾದ ‘ಗಿಫ್‌ಬ್ಲಾರ್’ ಎಂಬ ಗಿಡ ಫ್ಲೋರೊಅಸಿಟೇಟ್ ತಯಾರಿಸಿಕೊಂಡು ತನ್ನನ್ನು ಮೇಯಲು ಬಂದ ದನಗಳನ್ನು ಕೊಲ್ಲುತ್ತದೆ. ಹಾಗಾಗಿ ಪ್ರೊಟೀನಿನ ದ್ರಾವಣಕ್ಕೆ ನಾವಾಗಿಯೇ ಒಂದು ಫ್ಲೋರಿನ್ ಪರಮಾಣುವನ್ನು ಇಳಿಬಿಟ್ಟರೆ, ಅಲ್ಲಿಂದ ಬರುವ ಫ್ಲೋರಿನ್ ಸಂಕೇತವೆಲ್ಲ ನಾವು ಹಾಕಿದ್ದರದೇ.

ಔಷಧ ವಿಜ್ಞಾನ ಬಹುಮಟ್ಟಿಗೆ ಅಂಟಿಸುವ ವಿದ್ಯೆ. ಪ್ರೊಟೀನಿನ ಮೈಯಲ್ಲಿ ಗುಳಿಗಳಿರುತ್ತವೆ. ಸರಿಯಾದ ಆಕಾರದ, ಸರಿಯಾದ ವಿದ್ಯುತ್ ಸ್ವಭಾವದ ಪುಟ್ಟ ಅಣುವೊಂದು ಆ ಗುಳಿಗೆ ಬಂದು ಕೂತರೆ ಪ್ರೊಟೀನಿನ ಕೆಲಸ ನಿಲ್ಲಬಹುದು, ಚುರುಕಾಗಬಹುದು, ಇಲ್ಲವೇ ದಿಕ್ಕು ಬದಲಿಸಬಹುದು. ಅಟೊರ್ವಸ್ಟಾಟಿನ್ ಮಾಡುವುದು ಇದನ್ನೇ. ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಸುವ ಕಿಣ್ವವೊಂದರ ಗುಳಿಯಲ್ಲಿ ಕೂತು ಅದರ ಕೈ ಕಟ್ಟಿಹಾಕುತ್ತದೆ. ಹೊಸ ಔಷಧ ಹುಡುಕುವವರ ಮುಂದೆ ಶುದ್ಧೀಕರಿಸಿದ ಪ್ರೊಟೀನು ಒಂದು ಕಡೆ, ಸಾವಿರಾರು ಅಣುಗಳ ಸಂಗ್ರಹ ಇನ್ನೊಂದು ಕಡೆ. ಇವುಗಳಲ್ಲಿ ಅಂಟುವವರು ಯಾರು?

ಇದನ್ನು ಪತ್ತೆ ಹಚ್ಚಲು ಹಲವು ದಾರಿಗಳಿವೆ. ಪ್ರೊಟೀನನ್ನು ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸಿದರೆ ಅಣು ಕೂತ ಜಾಗದ ಚಿತ್ರವೇ ಸಿಗುತ್ತದೆ. ಆದರೆ ಎಲ್ಲ ಪ್ರೊಟೀನುಗಳೂ ಹರಳುಗಟ್ಟುವುದಿಲ್ಲ. ನೀರಿನಲ್ಲೇ, ಕೋಣೆಯ ಉಷ್ಣತೆಯಲ್ಲೇ, ಅಲುಗಾಡುತ್ತಿರುವ ಪ್ರೊಟೀನಿನ ಜೊತೆಗೇ ವಿಚಾರಿಸಬಲ್ಲ ವಿಧಾನ ಎನ್‌ಎಂಆರ್, ಅಂದರೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನನ್ಸ್. ಆಸ್ಪತ್ರೆಯ ಎಂಆರ್‌ಐ ಸ್ಕ್ಯಾನಿಗೂ ಇದೇ ಮೂಲತತ್ತ್ವ.

ಕೆಲವು ಪರಮಾಣುಗಳ ನ್ಯೂಕ್ಲಿಯಸ್ಸುಗಳಿಗೆ ಪುಟ್ಟ ಆಯಸ್ಕಾಂತದ ಗುಣವಿದೆ. ಅವನ್ನು ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ರೇಡಿಯೊ ತರಂಗದಿಂದ ತಟ್ಟಿದರೆ, ತಮ್ಮದೇ ಆದ ಕಂಪನಾಂಕದಲ್ಲಿ ಮರುದನಿ ಕೊಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರದಂಥ ಕಡೆ ಈ ಯಂತ್ರಗಳನ್ನು ನೋಡಬಹುದು. ಕಾಲುಗಳ ಮೇಲೆ ನಿಂತ, ಆಳೆತ್ತರ ಮೀರಿದ ಉಕ್ಕಿನ ಪೀಪಾಯಿ. ಒಳಗೆ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿದ ಅತಿವಾಹಕ ತಂತಿಯ ಸುರುಳಿ, ಅದರ ಹೊರಸುತ್ತಿಗೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್. ಪ್ರಯೋಗಾಲಯದವರು ‘ಆರುನೂರು ಮೆಗಾಹರ್ಟ್ಜ್’ ಎಂದು ಕರೆಯುವ ಯಂತ್ರದ ಕಾಂತಕ್ಷೇತ್ರ 14.1 ಟೆಸ್ಲಾ. ಬೆಂಗಳೂರಿನ ನೆಲದ ಮೇಲಿರುವ ಭೂಮಿಯ ಕಾಂತಕ್ಷೇತ್ರದ ಸುಮಾರು ಮೂರೂವರೆ ಲಕ್ಷ ಪಟ್ಟು. ಇಷ್ಟೆಲ್ಲ ಸಂಭ್ರಮ ಐದು ಮಿಲಿಮೀಟರ್ ದಪ್ಪದ ಗಾಜಿನ ಟ್ಯೂಬಿನಲ್ಲಿರುವ ಅರ್ಧ ಮಿಲಿಲೀಟರ್ ದ್ರಾವಣಕ್ಕಾಗಿ. ಇಷ್ಟಾದರೂ ಲಕ್ಷ ನ್ಯೂಕ್ಲಿಯಸ್ಸುಗಳಲ್ಲಿ ನಾಲ್ಕೈದರ ವ್ಯತ್ಯಾಸ ಮಾತ್ರ ಸಂಕೇತವಾಗಿ ಕೈಗೆ ಸಿಗುತ್ತದೆ. ಎನ್‌ಎಂಆರ್ ಎಲ್ಲವನ್ನೂ ಹೇಳುತ್ತದೆ, ಆದರೆ ಬಹಳ ಮೆಲ್ಲಗೆ.

ಈ ತಂತ್ರದ ಚರಿತ್ರೆಯಲ್ಲಿ ಫ್ಲೋರಿನ್‌ಗೆ ಆರಂಭದಿಂದಲೇ ಜಾಗವಿದೆ. 1940ರ ದಶಕದ ಕೊನೆಯಲ್ಲಿ ಭೌತವಿಜ್ಞಾನಿಗಳು ನ್ಯೂಕ್ಲಿಯಸ್ಸುಗಳ ಕಾಂತಬಲವನ್ನು ಕರಾರುವಾಕ್ಕಾಗಿ ಅಳೆಯಲು ಹೊರಟಿದ್ದರು. ಫ್ಲೋರಿನ್ ಯಾವ ಸಂಯುಕ್ತದಲ್ಲಿದ್ದರೂ ಫ್ಲೋರಿನ್ನೇ, ಅಳತೆ ಒಂದೇ ಬರಬೇಕು ಎಂಬುದು ನಿರೀಕ್ಷೆ. ಬರಲಿಲ್ಲ. 1950ರಲ್ಲಿ ಅಮೆರಿಕದ ಎಂಐಟಿಯ ಡಬ್ಲ್ಯು. ಸಿ. ಡಿಕಿನ್ಸನ್, ಫ್ಲೋರಿನ್‌ನ ಕಂಪನಾಂಕ ಸಂಯುಕ್ತದಿಂದ ಸಂಯುಕ್ತಕ್ಕೆ ಬದಲಾಗುತ್ತದೆಂದು ಪ್ರಕಟಿಸಿದರು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಪ್ರಾಕ್ಟರ್ ಮತ್ತು ಯು ಸಾರಜನಕದಲ್ಲೂ ಇದನ್ನೇ ಕಂಡರು. ಸುತ್ತಲಿನ ಎಲೆಕ್ಟ್ರಾನುಗಳು ಕಾಂತಕ್ಷೇತ್ರಕ್ಕೆ ಸ್ವಲ್ಪ ಮರೆ ಕಟ್ಟುತ್ತವೆ. ಆ ಮರೆ ಎಷ್ಟಿದೆ ಎನ್ನುವುದರ ಮೇಲೆ ಕಂಪನಾಂಕ ಅತ್ತಿತ್ತ ಸರಿಯುತ್ತದೆ. ಇದೇ ‘ಕೆಮಿಕಲ್ ಶಿಫ್ಟ್’.

ಭೌತವಿಜ್ಞಾನಿಗಳಿಗೆ ರೇಜಿಗೆಯಾದದ್ದು ರಸಾಯನತಜ್ಞರಿಗೆ ನಿಧಿಯಾಯಿತು. 1951ರಲ್ಲಿ ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕಾರ್ಡ್ ಎಂಬ ಮೂವರು ಸ್ಟ್ಯಾನ್‌ಫರ್ಡಿನಲ್ಲಿ ಎಥನಾಲ್‌ನ ಮೂರು ಬಗೆಯ ಹೈಡ್ರೋಜನ್ನುಗಳನ್ನು ಮೂರು ಬೇರೆ ಬೇರೆ ಪೀಕುಗಳಾಗಿ ಬಿಡಿಸಿ ತೋರಿಸಿದರು. ಆ ಮೂವರಲ್ಲಿ ಎಸ್. ಎಸ್. ಧರ್ಮಟ್ಟಿ ಭಾರತೀಯರು. ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಅಧ್ಯಯನಕ್ಕೆ ಬುನಾದಿ ಹಾಕಿದವರು. ಪ್ರೊಟೀನುಗಳ ರಚನೆ ಬಿಡಿಸಲು ಬಳಸುವ ದ್ವಿಆಯಾಮದ ಎನ್‌ಎಂಆರ್ ವಿಧಾನವೊಂದನ್ನು 1980ರಲ್ಲಿ ಅರ್ನ್ಸ್ಟ್ ಮತ್ತು ವುಥ್ರಿಕ್ ಎಂಬ ವಿಜ್ಞಾನಿಗಳ ಜೊತೆ ಸೇರಿ ರೂಪಿಸಿದ ಅನಿಲ್ ಕುಮಾರ್ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು.

ಎನ್‌ಎಂಆರ್‌ನಲ್ಲಿ ಸಾಮಾನ್ಯವಾಗಿ ಗಮನಿಸುವುದು ಹೈಡ್ರೋಜನ್ನನ್ನು. ಆದರೆ ಪ್ರೊಟೀನಿಗೆ ಅಣು ಅಂಟಿತೇ ಎಂದು ನೋಡುವಾಗ ಹೈಡ್ರೋಜನ್ನಿನ ತೊಂದರೆಯೇ ಅದರ ಸಂಖ್ಯೆ. ಮಧ್ಯಮ ಗಾತ್ರದ ಒಂದು ಪ್ರೊಟೀನಿನಲ್ಲಿ ಮೂರ್ನಾಲ್ಕು ಸಾವಿರ ಹೈಡ್ರೋಜನ್ನುಗಳಿರುತ್ತವೆ. ಅದು ಕರಗಿರುವ ನೀರಿನದೂ ಹೈಡ್ರೋಜನ್ನೇ. ಪರೀಕ್ಷಿಸುವ ಅಣುವನ್ನು 50 ಮೈಕ್ರೊಮೋಲಾರ್ ಸಾಂದ್ರತೆಯಲ್ಲಿ ಹಾಕಿದರೆ, ಅಂಥ ಒಂದೊಂದು ಅಣುವಿಗೂ ನೀರಿನ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹೈಡ್ರೋಜನ್ ಪರಮಾಣುಗಳು ಸುತ್ತ ಇರುತ್ತವೆ. ಇವೆಲ್ಲದರ ಸಂಕೇತಗಳೂ ಕೆಮಿಕಲ್ ಶಿಫ್ಟಿನ ಹತ್ತು ಹನ್ನೆರಡು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಅಗಲದೊಳಗೆ ಒಂದರ ಮೇಲೊಂದು ಬೀಳುತ್ತವೆ. ಬೇಡದ ಸಂಕೇತವನ್ನು ಅಡಗಿಸುವ ಉಪಾಯಗಳಿವೆ, ನಿಜ. ಆದರೂ ಹತ್ತಾರು ಅಣುಗಳನ್ನು ಒಟ್ಟಿಗೆ ಪರೀಕ್ಷಿಸಲು ಹೋದರೆ ಯಾರ ಪೀಕು ಯಾವುದು ಎಂದು ತಿಳಿಯದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಫ್ಲೋರಿನ್‌ಗೆ ಈ ಗೋಜಲಿಲ್ಲ. ನಿಸರ್ಗದಲ್ಲಿರುವ ಫ್ಲೋರಿನ್ ಎಲ್ಲವೂ ಫ್ಲೋರಿನ್-19 ಎಂಬ ಒಂದೇ ಐಸೊಟೋಪು. ಅದು ಎನ್‌ಎಂಆರ್‌ಗೆ ಹೇಳಿ ಮಾಡಿಸಿದಂತಿದೆ. ಇಂಗಾಲದಲ್ಲಾದರೆ ಎನ್‌ಎಂಆರ್‌ಗೆ ಕಾಣುವ ಐಸೊಟೋಪು ನೂರಕ್ಕೆ ಒಂದರಷ್ಟು ಮಾತ್ರ. ಫ್ಲೋರಿನ್ ಸಂಕೇತದ ಬಲ ಹೈಡ್ರೋಜನ್ನಿನದರ ಶೇ 83ರಷ್ಟಿದೆ. ಇನ್ನು ಅದರ ಕೆಮಿಕಲ್ ಶಿಫ್ಟ್ ಹರಡಿಕೊಳ್ಳುವ ಹರವು ನೂರಾರು ಪಿಪಿಎಂ. ಅಣುವಿನಲ್ಲಿ ಸ್ವಲ್ಪವೇ ವ್ಯತ್ಯಾಸವಾದರೂ ಪೀಕು ಬೇರೆ ಕಡೆ ಸರಿದು ನಿಲ್ಲುತ್ತದೆ. ನೆರೆಹೊರೆಯ ನೀರು, ಉಪ್ಪು, ಅಮೈನೊ ಆಮ್ಲ ಬದಲಾದರೂ ಈ ಪರಮಾಣುವಿಗೆ ಕೂಡಲೇ ಗೊತ್ತಾಗುತ್ತದೆ.

ಪ್ರಯೋಗ ನಡೆಯುವ ಬಗೆ ಹೀಗೆ. ತಲಾ ಒಂದೊಂದು ಜಾಗದಲ್ಲಿ ಫ್ಲೋರಿನ್ ಇರುವ ಹನ್ನೆರಡು ಪುಟ್ಟ ಅಣುಗಳನ್ನು ಆರಿಸಿ, ಒಂದರ ಪೀಕು ಇನ್ನೊಂದರ ಮೇಲೆ ಬೀಳದಂತೆ ಗುಂಪು ಮಾಡುತ್ತಾರೆ. ಗುಂಪನ್ನು ಎರಡು ಟ್ಯೂಬುಗಳಿಗೆ ಹಾಕುತ್ತಾರೆ. ಒಂದರಲ್ಲಿ ಬರೀ ಬಫರು (ಪ್ರೊಟೀನನ್ನು ಕರಗಿಸಿಡುವ ದ್ರಾವಣ), ಇನ್ನೊಂದರಲ್ಲಿ ಬಫರಿನ ಜೊತೆ ಚೂರು ಪ್ರೊಟೀನು. ಮೊದಲ ಟ್ಯೂಬಿನ ನಕ್ಷೆಯಲ್ಲಿ ಹನ್ನೆರಡು ಪೀಕುಗಳು ಸೂಜಿಯಂತೆ ನೆಟ್ಟಗೆ ನಿಂತಿರುತ್ತವೆ. ಒಂದೊಂದರ ಅಗಲ ಒಂದೆರಡು ಹರ್ಟ್ಜ್. ಎರಡನೆಯ ನಕ್ಷೆಯನ್ನು ಅದರ ಮೇಲಿಟ್ಟು ನೋಡಿದರೆ ಹನ್ನೊಂದು ಪೀಕುಗಳು ಇದ್ದಂತೆಯೇ ಇವೆ. ಒಂದು ಮಾತ್ರ ಅರ್ಧಕ್ಕಿಂತ ಕುಗ್ಗಿ, ಬುಡ ಅಗಲ ಮಾಡಿಕೊಂಡು ಕೂತಿದೆ. ಅಂಟಿದ್ದು ಅದು. ಲೆಕ್ಕಾಚಾರ, ಊಹೆ ಏನೂ ಬೇಡ. ಕಣ್ಣಿಗೇ ಕಾಣುತ್ತದೆ.

ಪೀಕು ಕುಗ್ಗುವುದೇಕೆ? ನೀರಿನಲ್ಲಿರುವ ಅಣುಗಳು ಸದಾ ಗಿರಗಿರನೆ ಉರುಳುತ್ತಿರುತ್ತವೆ. ಪುಟ್ಟ ಅಣು ಹೊರಳಲು ಒಂದು ನ್ಯಾನೊಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಸಾಕು. 50 ಕಿಲೊಡಾಲ್ಟನ್ ತೂಕದ ಪ್ರೊಟೀನಿಗೆ ಅದರ ಇನ್ನೂರು ಪಟ್ಟಿಗೂ ಹೆಚ್ಚು ಹೊತ್ತು ಬೇಕು. ಜಾತ್ರೆಯಲ್ಲಿ ತೇರಿನ ಸುತ್ತ ಓಡಾಡುವ ಹುಡುಗ ಎತ್ತ ಬೇಕಾದರೂ ಗರ್ರನೆ ತಿರುಗಬಲ್ಲ. ತೇರು ಹತ್ತಿ ಕೂತನೋ, ಅದು ಹೊರಳಿದಾಗಲೇ ಅವನೂ ಹೊರಳಬೇಕು. ಪ್ರೊಟೀನಿಗೆ ಅಂಟಿದ ಅಣುವಿನ ಪಾಡೂ ಇಷ್ಟೆ. ಫ್ಲೋರಿನ್ ಸುತ್ತಲಿನ ಎಲೆಕ್ಟ್ರಾನ್ ಮರೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿಲ್ಲ. ಅಣು ಎತ್ತ ಮುಖ ಮಾಡಿದೆ ಎನ್ನುವುದರ ಮೇಲೆ ಕಂಪನಾಂಕ ಬದಲಾಗುತ್ತದೆ. ವೇಗವಾಗಿ ಉರುಳುವಾಗ ಈ ಏರುಪೇರೆಲ್ಲ ಸರಾಸರಿಯಾಗಿ ಒಂದೇ ಚೂಪು ಪೀಕು ಬರುತ್ತದೆ. ನಿಧಾನವಾದಾಗ ಸರಾಸರಿ ಆಗದೆ ಮರುದನಿ ಬೇಗ ಆರಿಹೋಗುತ್ತದೆ. ಬೇಗ ಆರುವ ಸಂಕೇತ ನಕ್ಷೆಯಲ್ಲಿ ಅಗಲವಾದ, ಗಿಡ್ಡ ಪೀಕಾಗಿ ಮೂಡುತ್ತದೆ.

ಇದರಲ್ಲಿ ಇನ್ನೂ ಒಂದು ಲಾಭವಿದೆ. ಸಡಿಲವಾಗಿ ಅಂಟುವ ಅಣು ಪ್ರೊಟೀನಿನ ಮೇಲೆ ಹೆಚ್ಚು ಹೊತ್ತು ಕೂರುವುದಿಲ್ಲ. ಒಂದು ಎದ್ದರೆ ಇನ್ನೊಂದು ಬಂದು ಕೂರುತ್ತದೆ. ಅಳತೆ ಮುಗಿಯುವಷ್ಟರಲ್ಲಿ ಒಂದೊಂದು ಪ್ರೊಟೀನೂ ಸಾವಿರಾರು ಅಣುಗಳನ್ನು ಕೂರಿಸಿ ಕಳಿಸಿರುತ್ತದೆ. ಎದ್ದುಹೋದ ಅಣು ಬಂಧನದ ಗುರುತನ್ನು ತನ್ನ ಸಂಕೇತದಲ್ಲಿ ಹೊತ್ತೇ ಹೋಗುತ್ತದೆ. ಹಾಗಾಗಿ ಅಣುವಿನ ಹತ್ತನೇ ಒಂದರಷ್ಟು ಪ್ರೊಟೀನಿದ್ದರೂ ಪ್ರಯೋಗ ನಡೆಯುತ್ತದೆ. ಶುದ್ಧ ಪ್ರೊಟೀನು ತಯಾರಿಸುವ ಕಷ್ಟ, ಖರ್ಚು ಬಲ್ಲವರಿಗೆ ಇದರ ಬೆಲೆ ಗೊತ್ತು. ಇಟಲಿಯ ಮಿಲಾನ್ ಬಳಿಯ ನೆರ್ವಿಯಾನೊದಲ್ಲಿ ಔಷಧ ಸಂಶೋಧನೆಯಲ್ಲಿದ್ದ ಕ್ಲಾಡಿಯೊ ಡಾಲ್ವಿಟ್ ಮತ್ತು ಸಂಗಡಿಗರು 2000ದ ದಶಕದ ಆರಂಭದಲ್ಲಿ ಈ ವಿಧಾನಕ್ಕೆ ಗಟ್ಟಿ ತಳಪಾಯ ಹಾಕಿದರು. ಇಂದು ಔಷಧ ಕಂಪನಿಗಳು ಫ್ಲೋರಿನ್ ಹೊತ್ತ ಪುಟ್ಟ ಅಣುಗಳ ಸಂಗ್ರಹವನ್ನೇ ಇಟ್ಟುಕೊಂಡಿವೆ.

ಸಡಿಲವಾಗಿ ಅಂಟುವ ಅಣುವನ್ನು ಹುಡುಕಿ ಏನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ವೆನೆಟೊಕ್ಲಾಕ್ಸ್ ಎಂಬ ರಕ್ತ ಕ್ಯಾನ್ಸರಿನ ಔಷಧದ ಕತೆ ಇದಕ್ಕೆ ಉತ್ತರ. ಕ್ಯಾನ್ಸರ್ ಕೋಶ ಸಾಯದಂತೆ ಕಾಯುವ ಒಂದು ಪ್ರೊಟೀನ್ ಕುಟುಂಬವಿದೆ. ಅದನ್ನು ತಡೆಯುವ ಅಣುವಿಗಾಗಿ ಅಮೆರಿಕದ ಅಬಾಟ್ ಕಂಪನಿಯ ಸ್ಟೀಫನ್ ಫೆಸಿಕ್ ತಂಡ ಎನ್‌ಎಂಆರ್ ಮೂಲಕ ಹುಡುಕಾಡಿತು. ಬಿಸಿಎಲ್-ಎಕ್ಸ್‌ಎಲ್ ಎಂಬ ಪ್ರೊಟೀನಿನ ಗುಳಿಗೆ ಅಂಟಿದ್ದು ಎರಡು ಪುಟ್ಟ ಅಣುಗಳು. ಒಂದು ಫ್ಲೋರಿನ್ ಹೊತ್ತ ಬೈಫಿನೈಲ್ ಆಮ್ಲ, ಅದರ ಬಂಧನಾಂಕ ಸುಮಾರು 300 ಮೈಕ್ರೊಮೋಲಾರ್. ಇನ್ನೊಂದು ಅದಕ್ಕಿಂತಲೂ ಹತ್ತಾರು ಪಟ್ಟು ಸಡಿಲ. ಬಂಧನಾಂಕ ಕಡಿಮೆಯಾದಷ್ಟೂ ಬಂಧ ಗಟ್ಟಿ. ಮಾಮೂಲಿ ಪರೀಕ್ಷೆಗಳಲ್ಲಿ ಇವೆರಡನ್ನೂ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಅಕ್ಕಪಕ್ಕ ಕೂರುವ ಇವೆರಡನ್ನು ಜೋಡಿಸಿ, ತಿದ್ದಿ ತೀಡಿ, 2005ರಲ್ಲಿ ಪ್ರಕಟಿಸಿದ ಎಬಿಟಿ-737 ಎಂಬ ಅಣುವಿನ ಬಂಧನಾಂಕ ಒಂದು ನ್ಯಾನೊಮೋಲಾರಿಗಿಂತ ಕೆಳಗೆ ಇಳಿದಿತ್ತು. ಹೆಚ್ಚುಕಡಿಮೆ ಮೂರು ಲಕ್ಷ ಪಟ್ಟು ಬಿಗಿತ. ಅದೇ ವಂಶದಲ್ಲಿ ಹುಟ್ಟಿದ ವೆನೆಟೊಕ್ಲಾಕ್ಸ್‌ಗೆ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ಆ ತಂಡ ಗಮನಿಸಿದ್ದು ಫ್ಲೋರಿನ್ ಸಂಕೇತವನ್ನಲ್ಲ, ಪ್ರೊಟೀನಿನ ಸಾರಜನಕ-ಹೈಡ್ರೋಜನ್ ಸಂಕೇತಗಳನ್ನು. ಆದರೆ ಪಾಠ ಒಂದೇ. ಒಳ್ಳೆಯ ಔಷಧದ ಮೂಲಪುರುಷ ಎಷ್ಟೋ ಸಲ ಹೀಗೆ ಬಂದು ಹಾಗೆ ಹೋಗುವ ಬಡಪಾಯಿ ಅಣು. ಅಂಥವನ್ನು ಕಾಣುವ ಕಣ್ಣು ಬೇಕು.

ವಿಚಿತ್ರವೆಂದರೆ, ಈ ಕಣ್ಣಿಗೆ ಗಟ್ಟಿಯಾಗಿ ಅಂಟುವುದೇ ಕಾಣುವುದಿಲ್ಲ. ಬಂಧನಾಂಕ ಒಂದು ಮಿಲಿಮೋಲಾರ್ ಇದ್ದರೆ ಅಣು ಗುಳಿಯಲ್ಲಿ ಕೂರುವುದು ಸುಮಾರು ಹತ್ತು ಮೈಕ್ರೊಸೆಕೆಂಡ್. ಒಂದು ನ್ಯಾನೊಮೋಲಾರ್ ಆದರೆ ಹತ್ತು ಸೆಕೆಂಡು ಕೂತುಬಿಡಬಹುದು. ಮೊದಲು ಬಂದ ಅಣು ಜಾಗ ಬಿಡದಿದ್ದರೆ ಹೊರಗಿರುವ ಮಿಕ್ಕವು ಪ್ರೊಟೀನಿನ ಸಂಪರ್ಕಕ್ಕೇ ಬರುವುದಿಲ್ಲ. ಪೀಕು ಹಾಗೆಯೇ ನಿಂತಿರುತ್ತದೆ. ನೋಡಿದವರು ‘ಇದು ಅಂಟುವುದೇ ಇಲ್ಲ’ ಎಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಇದಕ್ಕೊಂದು ಬೇಹುಗಾರ ಅಣುವನ್ನು ನೇಮಿಸುತ್ತಾರೆ. ಆ ಗುಳಿಗೆ ಸಡಿಲವಾಗಿ ಅಂಟುತ್ತದೆಂದು ಮೊದಲೇ ಗೊತ್ತಿರುವ, ಫ್ಲೋರಿನ್ ಇರುವ ಅಣು ಅದು. ಪ್ರೊಟೀನಿನ ಜೊತೆ ಇಟ್ಟಾಗ ಅದರ ಪೀಕು ಕುಗ್ಗಿರುತ್ತದೆ. ಈಗ ಪರೀಕ್ಷಿಸಬೇಕಾದ ಹೊಸ ಅಣುವನ್ನು ಹಾಕಿ. ಅದು ಅದೇ ಗುಳಿಗೆ ಗಟ್ಟಿಯಾಗಿ ಕೂತರೆ ಬೇಹುಗಾರ ಹೊರದಬ್ಬಿಸಿಕೊಂಡು ಮತ್ತೆ ಗಿರಗಿರನೆ ತಿರುಗತೊಡಗುತ್ತದೆ, ಪೀಕು ಮೇಲೇಳುತ್ತದೆ. ಎಷ್ಟು ಎದ್ದಿತು ಎನ್ನುವುದರಿಂದ ಹೊಸ ಅಣುವಿನ ಬಂಧನಾಂಕವನ್ನು ಲೆಕ್ಕ ಹಾಕಬಹುದು. ಹೊಸ ಅಣುವಿನಲ್ಲಿ ಫ್ಲೋರಿನ್ ಇರಬೇಕಾಗಿಯೂ ಇಲ್ಲ. ಪಾಲಿಗೆ ಬಂದ ಯಾವ ಅಣುವನ್ನಾದರೂ ಒಬ್ಬನೇ ಬೇಹುಗಾರನಿಂದ ಪರೀಕ್ಷಿಸಬಹುದು. ಅಂಟಿದ್ದು ಎಲ್ಲೋ ಮೂಲೆಯಲ್ಲಲ್ಲ, ನಮಗೆ ಬೇಕಾದ ಗುಳಿಯಲ್ಲೇ ಎಂಬುದಕ್ಕೂ ಇದು ಒಳ್ಳೆಯ ಸುಳಿವು.

ಇಲ್ಲಿಯವರೆಗೆ ಫ್ಲೋರಿನ್ ಇದ್ದದ್ದು ಅಣುವಿನಲ್ಲಿ. ಅದನ್ನು ಪ್ರೊಟೀನಿಗೇ ಕೂರಿಸಿದರೆ? ಪ್ರೊಟೀನುಗಳಲ್ಲಿ ಅತಿ ಅಪರೂಪವಾಗಿ ಬರುವ ಅಮೈನೊ ಆಮ್ಲ ಟ್ರಿಪ್ಟೊಫಾನ್. ಅದರ ಬದಲು ಫ್ಲೋರಿನ್ ಸೇರಿಸಿದ ಟ್ರಿಪ್ಟೊಫಾನನ್ನು ಪ್ರೊಟೀನಿನಲ್ಲಿ ಹೆಣೆದರೆ ನಕ್ಷೆಯಲ್ಲಿ ನಾಲ್ಕಾರು ಪೀಕುಗಳಷ್ಟೇ ಬರುತ್ತವೆ. ಪ್ರೊಟೀನನ್ನು ತಯಾರಿಸಿಕೊಡುವುದು ಇ. ಕೋಲಿ ಬ್ಯಾಕ್ಟೀರಿಯಾ. ಆದರೆ ಅದು ತನಗೆ ಬೇಕಾದ ಟ್ರಿಪ್ಟೊಫಾನನ್ನು ತಾನೇ ಮಾಡಿಕೊಳ್ಳುತ್ತದೆ, ನಾವು ಕೊಟ್ಟದ್ದನ್ನೇ ತಿನ್ನಬೇಕೆಂಬ ಹಂಗು ಅದಕ್ಕಿಲ್ಲ. ಇಲ್ಲಿ ನೆರವಿಗೆ ಬರುವುದು ನಮ್ಮ ತೋಟಗಳಲ್ಲಿ ಕಳೆ ಸುಡಲು ಹೊಡೆಯುವ ಗ್ಲೈಫೊಸೇಟ್! ಗಿಡಗಳಲ್ಲಿ ಟ್ರಿಪ್ಟೊಫಾನ್, ಟೈರೊಸಿನ್, ಫಿನೈಲ್‌ಅಲನಿನ್‌ಗಳ ತಯಾರಿಯ ದಾರಿಯನ್ನು ಕಟ್ಟುವುದೇ ಆ ಕಳೆನಾಶಕದ ಕೆಲಸ. ಬ್ಯಾಕ್ಟೀರಿಯಾದಲ್ಲೂ ಅದೇ ದಾರಿ ಇದೆ. ಗ್ಲೈಫೊಸೇಟ್ ಹಾಕಿದರೆ ಬ್ಯಾಕ್ಟೀರಿಯಾದ ಸ್ವಂತ ಅಡುಗೆ ನಿಲ್ಲುತ್ತದೆ, ನಾವು ಬಡಿಸಿದ್ದನ್ನೇ ತಿನ್ನಬೇಕಾಗುತ್ತದೆ. 1990ರಲ್ಲೇ ಈ ಉಪಾಯದಿಂದ ಫ್ಲೋರಿನ್ ಟ್ರಿಪ್ಟೊಫಾನನ್ನು ಪ್ರೊಟೀನಿಗೆ ಸೇರಿಸಿದ ವರದಿ ಬಂದಿತ್ತು.

ಹೀಗೆ ಗುರುತು ಹಾಕಿದ ಪ್ರೊಟೀನುಗಳಲ್ಲಿ ಬಿಆರ್‌ಡಿ4 ಒಂದು ಚೆಂದದ ಉದಾಹರಣೆ. ಕ್ಯಾನ್ಸರ್ ಔಷಧ ಹುಡುಕುವವರಿಗೆ ಬೇಕಾದ ಪ್ರೊಟೀನು ಇದು. ಇದರ ಮೊದಲ ಬ್ರೊಮೊಡೊಮೈನ್ ಎಂಬ ಭಾಗದಲ್ಲಿ ಇರುವುದು ಮೂರೇ ಟ್ರಿಪ್ಟೊಫಾನ್. 81ನೆಯ ಸ್ಥಾನದ್ದು ಗುಳಿಯ ಬಾಯಲ್ಲೇ ಇದೆ, 120ನೆಯದು ದೂರದಲ್ಲಿದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ವಿಲಿಯಂ ಪೊಮೆರಾಂಟ್ಜ್ ತಂಡ ಇಂಥ ಪ್ರೊಟೀನುಗಳ ಮೇಲೆ ವಿಸ್ತಾರವಾಗಿ ಕೆಲಸ ಮಾಡಿದೆ. ಗುಳಿಗೆ ಅಣು ಬಂದು ಕೂತಾಗ 81ರ ಪೀಕು ತನ್ನ ಜಾಗ ಬಿಟ್ಟು ಸರಿಯುತ್ತದೆ. ದೂರದ್ದಕ್ಕೆ ಅದರ ಪರಿವೆಯೇ ಇರುವುದಿಲ್ಲ. ಅಂಟಿತು ಎಂಬುದರ ಜೊತೆಗೆ ಎಲ್ಲಿ ಅಂಟಿತು ಎಂಬುದಕ್ಕೂ ಉತ್ತರ ಸಿಕ್ಕಂತಾಯಿತು.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಗೂ ಫ್ಲೋರಿನ್ ಉತ್ತರ ಕೊಟ್ಟಿದೆ. ಅಸ್ತಮಾ ಇರುವವರು ಇನ್‌ಹೇಲರಿನಲ್ಲಿ ಎಳೆದುಕೊಳ್ಳುವ ಸಾಲ್ಬುಟಮಾಲ್ ಕೆಲಸ ಮಾಡುವುದು ಬೀಟಾ-2 ಅಡ್ರಿನರ್ಜಿಕ್ ಗ್ರಾಹಿ ಎಂಬ ಪ್ರೊಟೀನಿನ ಮೇಲೆ. ಕೋಶದ ಪೊರೆಯನ್ನು ಏಳು ಸುರುಳಿಗಳಾಗಿ ಏಳು ಸಲ ಹಾದುಹೋಗುವ ಪ್ರೊಟೀನು ಇದು. ಇದಕ್ಕೆ ಅಂಟುವ ಅಣುಗಳೆಲ್ಲ ಒಂದೇ ಪರಿಣಾಮ ಮಾಡುವುದಿಲ್ಲ. ಗ್ರಾಹಿಯ ಸಂದೇಶ ಸಾಗಲು ಕೋಶದೊಳಗೆ ಜಿ-ಪ್ರೊಟೀನ್ ಎಂಬ ದಾರಿ ಒಂದಿದೆ, ಅರೆಸ್ಟಿನ್ ಎಂಬ ಇನ್ನೊಂದು ದಾರಿಯೂ ಇದೆ. 2012ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಕರ್ಟ್ ವುಥ್ರಿಕ್, ರೇಮಂಡ್ ಸ್ಟೀವನ್ಸ್ ಮತ್ತು ಸಂಗಡಿಗರು ಈ ಪ್ರೊಟೀನಿನ ಆರನೆಯ ಮತ್ತು ಏಳನೆಯ ಸುರುಳಿಗಳ ಒಳತುದಿಗೆ ಫ್ಲೋರಿನ್ ಗುರುತು ಅಂಟಿಸಿದರು. ಗ್ರಾಹಿಯನ್ನು ಚುರುಕುಗೊಳಿಸುವ ಮಾಮೂಲಿ ಅಣುಗಳು ಮುಖ್ಯವಾಗಿ ಆರನೆಯ ಸುರುಳಿಯನ್ನು ಕದಲಿಸಿದವು. ಅರೆಸ್ಟಿನ್ ದಾರಿಯ ಕಡೆ ವಾಲುವ ಕಾರ್ವೆಡಿಲಾಲ್‌ನಂಥವು ಮುಖ್ಯವಾಗಿ ಏಳನೆಯದನ್ನು ಕದಲಿಸಿದವು. ಒಂದೇ ಗುಳಿ, ಒಂದೇ ಬಗೆಯ ಅಂಟು, ಆದರೆ ಒಳಗೆ ಅಲುಗುವ ಕೀಲು ಬೇರೆ. ಎಕ್ಸ್-ರೇಯ ನಿಶ್ಚಲ ಚಿತ್ರದಲ್ಲಿ ಇದು ಸುಲಭಕ್ಕೆ ಸಿಗುವಂಥದ್ದಲ್ಲ.

ಹಾಗೆಂದು ಈ ಸಾಕ್ಷಿಯ ಮಾತನ್ನು ಪಾಟೀಸವಾಲಿಲ್ಲದೆ ಒಪ್ಪುವಂತಿಲ್ಲ. ಪೀಕು ಕುಗ್ಗಿದ್ದು ಅಂಟಿದ್ದಕ್ಕೇ ಇರಬೇಕಾಗಿಲ್ಲ. ಅಣು ನೀರಿನಲ್ಲಿ ಕರಗದೆ ತಳ ಸೇರಿರಬಹುದು. ಅಣುಗಳೇ ಒಂದಕ್ಕೊಂದು ಕಚ್ಚಿಕೊಂಡು ಮುದ್ದೆಯಾಗಿರಬಹುದು. ಮುದ್ದೆಯೂ ಪ್ರೊಟೀನಿನಂತೆ ನಿಧಾನವಾಗಿಯೇ ಉರುಳುತ್ತದೆ. ಅದಕ್ಕೇ ಪ್ರೊಟೀನಿಲ್ಲದ ಟ್ಯೂಬನ್ನು ಜೊತೆಗೆ ಇಡುವುದು, ಬಗೆಬಗೆಯ ಸಾಂದ್ರತೆಯಲ್ಲಿ ಮತ್ತೆ ಮತ್ತೆ ನೋಡುವುದು, ಬೇಹುಗಾರ ಅಣುವಿನಿಂದ ಖಾತ್ರಿ ಮಾಡಿಕೊಳ್ಳುವುದು. ಯಂತ್ರದ ಒಳಗಿನ ಟೆಫ್ಲಾನ್ ಭಾಗಗಳಲ್ಲೂ ಫ್ಲೋರಿನ್ ಇರುವುದರಿಂದ ನಕ್ಷೆಯ ಬುಡದಲ್ಲಿ ಅಗಲವಾದ ದಿಬ್ಬವೊಂದು ಏಳುತ್ತದೆ. ರಾಸಾಯನಿಕವನ್ನು ಶುದ್ಧೀಕರಿಸುವಾಗ ಬಳಸಿದ ಟ್ರೈಫ್ಲೋರೊಅಸಿಟಿಕ್ ಆಮ್ಲದ ಉಳಿಕೆ ಮೈನಸ್ 76 ಪಿಪಿಎಂ ಬಳಿ ಕರೆಯದೆ ಬಂದು ನಿಲ್ಲುವುದೂ ಉಂಟು. ಇನ್ನು, ಫ್ಲೋರಿನ್ ಹೈಡ್ರೋಜನ್ನಿಗಿಂತ ಸ್ವಲ್ಪ ದಪ್ಪ, ಎಲೆಕ್ಟ್ರಾನುಗಳನ್ನು ಬಲವಾಗಿ ಎಳೆಯುವ ಸ್ವಭಾವದ್ದು. ಗುರುತಿಗೆಂದು ಅದನ್ನು ಕೂರಿಸಿದಾಗ ಪ್ರೊಟೀನಿನ ನಡತೆಯೇ ಬದಲಾಗಿಲ್ಲವೆಂದು ಬೇರೆ ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳಬೇಕು.

ಈ ಎಚ್ಚರ ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ಅರಿಶಿನದ ಕುರ್ಕುಮಿನ್ ಸಾಕು. ಪ್ರಯೋಗಾಲಯದಲ್ಲಿ ಅದು ಹಿಡಿಯದ ಪ್ರೊಟೀನಿಲ್ಲ ಎಂಬಷ್ಟು ವರದಿಗಳಿವೆ. ಆದರೆ 2017ರಲ್ಲಿ ‘ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿ’ಯ ಸಮೀಕ್ಷಾ ಲೇಖನವೊಂದು ಆ ವರದಿಗಳ ಹಿಂದಿನ ಕಾರಣಗಳನ್ನು ಬಿಡಿಸಿಟ್ಟಿತು. ಕುರ್ಕುಮಿನ್ ನೀರಿನಲ್ಲಿ ಅಸ್ಥಿರ, ಮುದ್ದೆಯಾಗುತ್ತದೆ, ತಾನೇ ಹೊಳೆದು ಬೆಳಕಿನ ಅಳತೆಗಳನ್ನು ಕೆಡಿಸುತ್ತದೆ. ಪರೀಕ್ಷೆಯಲ್ಲಿ ಪಾಸಾಗುವುದಕ್ಕಿಂತ ಪರೀಕ್ಷೆಯನ್ನೇ ಹಾದಿ ತಪ್ಪಿಸುವ ಅಣು ಅದು. ಅಡುಗೆಗೆ ಅರಿಶಿನ ಬೇಡವೆಂದು ಇದರ ಅರ್ಥವಲ್ಲ. ಅಂಟಿತು ಎಂಬ ಒಂದೇ ಪರೀಕ್ಷೆಯ ಮಾತನ್ನು ನಂಬಿ ಔಷಧದ ಪಟ್ಟ ಕಟ್ಟಬಾರದು ಎಂದಷ್ಟೇ.

ಕೋವಿಡ್ ಕಾಲದಲ್ಲಿ ನಮ್ಮ ಪತ್ರಿಕೆ, ಟಿವಿಗಳಲ್ಲಿ ಇಂಥ ಪಟ್ಟಾಭಿಷೇಕ ಎಷ್ಟು ನಡೆಯಿತೆಂದು ಓದುಗರು ಬಲ್ಲರು. ಇಂಥ ಗಿಡಮೂಲಿಕೆಯ ಇಂಥ ಅಂಶ ವೈರಸ್ಸಿನ ಪ್ರೊಟೀನಿಗೆ ‘ಅಂಟುತ್ತದೆ’ ಎಂದು ಬಂದ ಸುದ್ದಿಗಳಲ್ಲಿ ಬಹಳಷ್ಟಕ್ಕೆ ಆಧಾರ ಡಾಕಿಂಗ್ ಎಂಬ ಕಂಪ್ಯೂಟರ್ ಲೆಕ್ಕಾಚಾರ. ಅದು ಒಳ್ಳೆಯ ಸಾಧನವೇ. ಲಕ್ಷಾಂತರ ಅಣುಗಳಲ್ಲಿ ಮೊದಲು ಯಾವುದನ್ನು ಪರೀಕ್ಷಿಸಬೇಕೆಂದು ಸೂಚಿಸುತ್ತದೆ. ಆದರೆ ಅದರ ಉತ್ತರ ಊಹೆ, ಅಳತೆಯಲ್ಲ. ಟ್ಯೂಬಿನಲ್ಲಿ ಅಳೆದು ನೋಡಿದಾಗ ಆ ಊಹೆಗಳಲ್ಲಿ ಎಷ್ಟೋ ಸುಳ್ಳಾಗುತ್ತವೆ. ಟ್ಯೂಬಿನಲ್ಲಿ ನಿಜವಾದದ್ದೂ ಕೋಶದಲ್ಲಿ, ಇಲಿಯಲ್ಲಿ, ಕೊನೆಗೆ ಮನುಷ್ಯರಲ್ಲಿ ಒಂದೊಂದಾಗಿ ಪರೀಕ್ಷೆ ದಾಟಬೇಕು. ಬಹುಪಾಲು ದಾಟುವುದಿಲ್ಲ.

ಹಾಗಾಗಿ ಮುಂದಿನ ಸಲ ‘ಕಾಯಿಲೆಯ ಪ್ರೊಟೀನಿಗೆ ಅಂಟುವ ಅಣು ಪತ್ತೆ’ ಎಂಬ ತಲೆಬರಹ ಕಂಡಾಗ ಮೂರು ಪ್ರಶ್ನೆ ಕೇಳಿ. ಅಂಟಿದ್ದು ಪರದೆಯ ಮೇಲೋ, ಟ್ಯೂಬಿನಲ್ಲೋ? ಬಂಧನಾಂಕ ಎಷ್ಟು, ಮಿಲಿಮೋಲಾರೋ ನ್ಯಾನೊಮೋಲಾರೋ? ಒಂದೇ ವಿಧಾನದಿಂದ ಕಂಡದ್ದೋ, ಇನ್ನೊಂದರಿಂದ ಖಾತ್ರಿ ಮಾಡಿಕೊಂಡದ್ದೋ? ಸುದ್ದಿಯಲ್ಲಿ ಈ ಮೂರಕ್ಕೂ ಉತ್ತರವಿಲ್ಲದಿದ್ದರೆ ಅದು ಔಷಧದ ಸುದ್ದಿಯಲ್ಲ, ಔಷಧದ ಆಸೆಯ ಸುದ್ದಿ. ಅಂಥದ್ದನ್ನು ಓದಬಹುದು, ಆದರೆ ನೆರೆಮನೆಯ ರೋಗಿಗೆ ವಾಟ್ಸ್ಯಾಪಿನಲ್ಲಿ ಕಳಿಸಬೇಡಿ.